ಬ್ರೇಕ್ ಹೊಸದು, ಪೆಡಲ್ ಮೆತ್ತಗೆ

ಕಾರಿಗೆ ದೊಡ್ಡ ಡಿಸ್ಕ್, ಹೆಚ್ಚು ಪಿಸ್ಟನ್ನಿನ ಕ್ಯಾಲಿಪರ್, ಹೊಸ ಪ್ಯಾಡ್ ಹಾಕಿಸಿದ ಮೇಲೆ ಬ್ರೇಕ್ ಪೆಡಲ್ ಮೊದಲಿಗಿಂತ ಮೆತ್ತಗಾಗುವುದು ಅಪರೂಪದ ದೂರಲ್ಲ. ಗ್ಯಾರೇಜಿನಲ್ಲಿ ಇದಕ್ಕೆ ಸಿಗುವ ಮೊದಲ ಉತ್ತರ ಬಹುಮಟ್ಟಿಗೆ ಒಂದೇ: ಏರ್ ಹಿಡಿದಿದೆ, ಇನ್ನೊಮ್ಮೆ ಏರ್ ತೆಗೆಯಬೇಕು. ಹಲವು ಸಲ ಆ ಉತ್ತರ ಸರಿಯಾಗಿಯೇ ಇರುತ್ತದೆ. ಆದರೆ ಎರಡು ಬಾಟಲಿ ಬ್ರೇಕ್ ಆಯಿಲ್ ಮುಗಿದರೂ ಪೆಡಲ್ ಗಟ್ಟಿಯಾಗದಿದ್ದರೆ ಮೂರನೆಯ ಬಾಟಲಿಯನ್ನೂ ಹಾಗೆಯೇ ಸುರಿಯುವುದರಲ್ಲಿ ಅರ್ಥವಿಲ್ಲ. ಪೆಡಲ್ ಮೆತ್ತಗಾಗುವ ಬಗೆಗಳು ಮೂರು. ಒಂದೊಂದರ ಕಾರಣವೂ ಬೇರೆ, ಮದ್ದೂ ಬೇರೆ. ಸ್ಪ್ಯಾನರ್ ಹಿಡಿಯುವ ಮೊದಲು ಇದು ಯಾವ ಬಗೆಯದೆಂದು ಕಾಲಿನಿಂದಲೇ ಪತ್ತೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಪೆಡಲ್ ಒತ್ತಿದಾಗ ಆಗುವುದು ಇಷ್ಟು. ಪೆಡಲಿನ ಸನ್ನೆ ಕಾಲಿನ ಬಲವನ್ನು ಹೆಚ್ಚಿಸುತ್ತದೆ, ಬೂಸ್ಟರ್ ಅದಕ್ಕೆ ಇನ್ನಷ್ಟು ಬಲ ಸೇರಿಸುತ್ತದೆ, ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮುಂದೆ ಸರಿದು ಬ್ರೇಕ್ ಆಯಿಲನ್ನು ಪೈಪುಗಳ ಮೂಲಕ ಚಕ್ರಗಳತ್ತ ತಳ್ಳುತ್ತದೆ. ದ್ರವ ಹೆಚ್ಚುಕಡಿಮೆ ಕುಗ್ಗುವುದಿಲ್ಲವಾದ್ದರಿಂದ ಒಂದು ತುದಿಯ ಒತ್ತಡ ಇನ್ನೊಂದು ತುದಿಗೆ ಹಾಗೆಯೇ ಮುಟ್ಟುತ್ತದೆ. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದ್ದರಿಂದ ಅಲ್ಲಿ ಬಲ ಹೆಚ್ಚುತ್ತದೆ. ಅದಕ್ಕೆ ತಕ್ಕಂತೆ ಅದು ಸರಿಯುವ ದೂರ ಕಡಿಮೆಯಾಗುತ್ತದೆ. ಪೆಡಲ್ ಎಷ್ಟು ಕೆಳಗೆ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಒಂದೇ ಲೆಕ್ಕ: ಪ್ಯಾಡ್‌ಗಳು ಡಿಸ್ಕನ್ನು ಬಿಗಿಯಾಗಿ ಹಿಡಿಯುವ ಹೊತ್ತಿಗೆ ಮಾಸ್ಟರ್ ಸಿಲಿಂಡರಿನಿಂದ ಎಷ್ಟು ಆಯಿಲ್ ಹೊರಹೋಗಬೇಕಾಯಿತು? ಹಾಗೆ ಹೋದ ಆಯಿಲ್ ಎಲ್ಲಿ ಸೇರಿಕೊಂಡಿತು ಎಂದು ಹುಡುಕುವುದೇ ಮೆತ್ತಗಿನ ಪೆಡಲಿನ ತಪಾಸಣೆ.

ಮೊದಲ ಬಗೆ ಸ್ಪಂಜಿನಂಥ ಪೆಡಲ್. ಒತ್ತಿದಷ್ಟೂ ಕೆಳಗಿಳಿಯುತ್ತದೆ, ಕಾಲು ಸಡಿಲಿಸಿದರೆ ಪುಟಿದು ಬರುತ್ತದೆ, ಇಲ್ಲಿಗೆ ನಿಂತಿತು ಎನ್ನುವ ಗಟ್ಟಿ ನೆಲೆ ಸಿಗುವುದಿಲ್ಲ. ವ್ಯವಸ್ಥೆಯಲ್ಲಿ ಕುಗ್ಗುವ ಇಲ್ಲವೇ ಬಾಗುವ ಏನೋ ಇದೆ ಎಂದು ಇದರರ್ಥ: ಗಾಳಿ, ಉಬ್ಬುವ ರಬ್ಬರ್ ಹೋಸ್, ಬಾಗುವ ಪ್ಯಾಡ್. ಎರಡನೆಯದು ಉದ್ದ ಪೆಡಲ್. ಮೊದಲರ್ಧ ಖಾಲಿಯಾಗಿ ಹೋಗಿ, ಆಮೇಲೆ ಹಿಡಿದಾಗ ಮಾತ್ರ ಗಟ್ಟಿಯಾಗಿಯೇ ಹಿಡಿಯುತ್ತದೆ. ಇಲ್ಲಿ ಕುಗ್ಗುವಂಥದ್ದೇನೂ ಇಲ್ಲ; ತುಂಬಬೇಕಾದ ಜಾಗ ಹೆಚ್ಚಾಗಿದೆ. ಮೂರನೆಯದು ಇಳಿಯುವ ಪೆಡಲ್. ಒತ್ತಿ ಹಿಡಿದಾಗ ಮೊದಲು ನಿಂತು, ನಂತರ ನಿಧಾನವಾಗಿ ನೆಲದತ್ತ ಜಾರುತ್ತದೆ. ಆಯಿಲ್ ಹೊರಗೆ ಸೋರುತ್ತಿರಬೇಕು, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗೇ ಸೀಲ್ ದಾಟಿ ಹಿಂದಕ್ಕೆ ನುಸುಳುತ್ತಿರಬೇಕು.

ಈ ಮೂರನ್ನು ಬೇರ್ಪಡಿಸುವ ಪರೀಕ್ಷೆಯನ್ನು ನಿಂತ ಕಾರಿನಲ್ಲೇ ಮಾಡಬೇಕು. ಎಂಜಿನ್ ಆಫ್ ಮಾಡಿ, ಬೂಸ್ಟರಿನಲ್ಲಿ ಉಳಿದ ನಿರ್ವಾತ ಖಾಲಿಯಾಗುವವರೆಗೆ ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಡಬೇಕು. ಬೂಸ್ಟರಿನ ಸಹಾಯ ಇರುವಾಗ ಯಾವ ಪೆಡಲೂ ಸ್ವಲ್ಪ ಮೆದುವೇ. ಅದು ಹೋದ ಮೇಲೆ ಕಾಲಿಗೆ ಸಿಗುವುದು ಹೈಡ್ರಾಲಿಕ್ ಭಾಗದ ನಿಜಸ್ಥಿತಿ. ಈಗ ಒಮ್ಮೆ ನಿಧಾನವಾಗಿ ಒತ್ತಿ ಪೆಡಲ್ ಎಲ್ಲಿ ನಿಲ್ಲುತ್ತದೆಂದು ಗಮನಿಸಬೇಕು. ನಂತರ ಬೇಗಬೇಗನೆ ಮೂರು ಸಲ ಪಂಪ್ ಮಾಡಿ ಮತ್ತೆ ಒತ್ತಬೇಕು. ಪೆಡಲ್ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಅದು ಉದ್ದ ಪೆಡಲ್. ಮೇಲೆ ಬಂದರೂ ಪುಟಿಯುವ ಗುಣ ಹೋಗದಿದ್ದರೆ ಗಾಳಿಯ ಮೇಲೆ ಅನುಮಾನ. ಕೊನೆಗೆ ಒಂದು ನಿಮಿಷದಷ್ಟು ಹೊತ್ತು ಒಂದೇ ಒತ್ತಡದಲ್ಲಿ ಹಿಡಿದಿರಬೇಕು. ಜಾರಿದರೆ ಮೂರನೆಯ ಬಗೆ. ಈ ಕೊನೆಯ ಪರೀಕ್ಷೆಯನ್ನು ಜೋರಾಗಿ ಒತ್ತಿ ಒಮ್ಮೆ, ಹಗುರವಾಗಿ ಒತ್ತಿ ಒಮ್ಮೆ ಮಾಡುವುದು ಒಳ್ಳೆಯದು. ಸವೆದ ಸೀಲ್ ಹೆಚ್ಚಿನ ಒತ್ತಡಕ್ಕೆ ಹಿಗ್ಗಿ ಗೋಡೆಗೆ ಅಂಟಿಕೊಳ್ಳುವುದುಂಟು. ಅದರ ದೋಷ ಬಯಲಾಗುವುದು ಹಗುರ ಒತ್ತಡದಲ್ಲಿ.

ಇದೇ ಹೊತ್ತಿನಲ್ಲಿ ಬೂಸ್ಟರನ್ನೂ ನೋಡಿಬಿಡಬಹುದು. ನಿರ್ವಾತ ಖಾಲಿಯಾದ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿದರೆ ಪೆಡಲ್ ತುಸು ಕೆಳಗಿಳಿಯಬೇಕು. ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ. ಹೊಸ ಬ್ರೇಕಿನ ಬಗ್ಗೆ ಬರುವ ದೂರುಗಳಲ್ಲಿ ಕೆಲವು ಇಲ್ಲಿಗೇ ಮುಗಿಯುತ್ತವೆ. ಎಂಜಿನ್ ಓಡುತ್ತಿರುವಾಗ ನಿಂತ ಕಾರಿನ ಪೆಡಲನ್ನು ಪೂರ್ತಿ ಬಲದಿಂದ ತುಳಿದು, ಇಷ್ಟು ಕೆಳಗೆ ಹೋಯಿತಲ್ಲ ಎಂದು ಗಾಬರಿಯಾಗುವವರಿದ್ದಾರೆ. ರಸ್ತೆಯಲ್ಲಿ ಅಷ್ಟು ಬಲ ಬೀಳುವುದು ತುರ್ತು ಸಂದರ್ಭದಲ್ಲಿ ಮಾತ್ರ. ಹಳೆಯ ಬ್ರೇಕಿಗೂ ಹೊಸದಕ್ಕೂ ಹೋಲಿಕೆ ಮಾಡುವಾಗ ಎಂಜಿನ್ ಸ್ಥಿತಿ, ಒತ್ತುವ ಬಲ ಎರಡೂ ಒಂದೇ ಆಗಿರಬೇಕು.

ಮೊದಲ ಬಗೆಯ ಮುಖ್ಯ ಆರೋಪಿ ಗಾಳಿ. ಎಷ್ಟು ಗಾಳಿ ಎಷ್ಟು ಕೆಡುಕು ಮಾಡುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹಾಕಬಹುದು. ಸಣ್ಣ ಕಾರುಗಳಲ್ಲಿ ಕಾಣಸಿಗುವ 20.64 ಮಿ.ಮೀ. ಒಳವ್ಯಾಸದ ಮಾಸ್ಟರ್ ಸಿಲಿಂಡರಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 335 ಚದರ ಮಿ.ಮೀ. ಪೆಡಲಿನ ಸನ್ನೆಯ ಅನುಪಾತ 4 ಎಂದಿಟ್ಟುಕೊಂಡರೆ ಪಿಸ್ಟನ್ 1 ಮಿ.ಮೀ. ಸರಿಯಲು ಪೆಡಲ್ 4 ಮಿ.ಮೀ. ಇಳಿಯಬೇಕು. ಪೈಪಿನಲ್ಲೆಲ್ಲೋ 1 ಮಿಲಿ ಲೀಟರ್ ಗಾಳಿ ಉಳಿದಿದೆ ಎನ್ನೋಣ. 20 ಬಾರ್ ಒತ್ತಡ ಬಂದಾಗ ಅದು ಇಪ್ಪತ್ತೊಂದರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ, ಅಂದರೆ ಇಲ್ಲವೆನ್ನುವಷ್ಟಾಗುತ್ತದೆ. ಖಾಲಿಯಾದ ಜಾಗ ತುಂಬಲು ಪಿಸ್ಟನ್ ಸುಮಾರು 3 ಮಿ.ಮೀ. ಹೆಚ್ಚು ಸರಿಯಬೇಕು, ಪೆಡಲ್ ಸುಮಾರು 12 ಮಿ.ಮೀ. ಹೆಚ್ಚು ಇಳಿಯಬೇಕು. ಒಂದು ಚಮಚೆಯ ಐದನೆಯ ಒಂದು ಪಾಲು ಗಾಳಿಗೆ ಪೆಡಲಿನಲ್ಲಿ ಒಂದು ಸೆಂಟಿಮೀಟರಿಗೂ ಮಿಕ್ಕಿದ ವ್ಯತ್ಯಾಸ.

ಬ್ರೇಕ್ ಬದಲಿಸುವಾಗ ಗಾಳಿ ಅಡಗುವ ಜಾಗಗಳು ಬೇರೆಯೇ. ಗಾಳಿ ಯಾವಾಗಲೂ ಮೇಲಕ್ಕೇರುವುದರಿಂದ, ಏರ್ ತೆಗೆಯಲು ಬಿಚ್ಚುವ ಬ್ಲೀಡರ್ ನಿಪ್ಪಲ್ ಕ್ಯಾಲಿಪರಿನ ಅತಿ ಎತ್ತರದ ಬಿಂದುವಿನಲ್ಲಿರಬೇಕು. ಎಡಗಡೆಯ ಕ್ಯಾಲಿಪರನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಕೂಡಿಸಿದರೆ ಅನೇಕ ಮಾದರಿಗಳಲ್ಲಿ ಬೋಲ್ಟುಗಳು ಸಲೀಸಾಗಿ ಕೂರುತ್ತವೆ. ನಿಪ್ಪಲ್ ಮಾತ್ರ ಕೆಳಗೆ ಬಂದಿರುತ್ತದೆ. ಆಗ ಎಷ್ಟು ಆಯಿಲ್ ಹರಿಸಿದರೂ ಮೇಲಿನ ಗುಳ್ಳೆ ಅಲ್ಲೇ ಇರುತ್ತದೆ, ನಿಪ್ಪಲಿನಿಂದ ಬರುವ ಆಯಿಲ್ ಮಾತ್ರ ಗುಳ್ಳೆಯಿಲ್ಲದೆ ಶುದ್ಧವಾಗಿ ಕಾಣುತ್ತದೆ. ನಾಲ್ಕು ಪಿಸ್ಟನ್ನಿನ ಸ್ಥಿರ ಕ್ಯಾಲಿಪರುಗಳಲ್ಲಿ ಹಲವಕ್ಕೆ ಒಳಗೊಂದು ಹೊರಗೊಂದು, ಹೀಗೆ ಎರಡು ನಿಪ್ಪಲ್ ಇರುತ್ತವೆ. ಹಳೆಯ ಅಭ್ಯಾಸದಂತೆ ಒಂದನ್ನೇ ಬಿಚ್ಚಿದರೆ ಇನ್ನೊಂದು ಪಕ್ಕದ ಗಾಳಿ ಉಳಿಯುತ್ತದೆ. ಬೇರೆ ಕಾರಿನ ಕ್ಯಾಲಿಪರನ್ನು ಬ್ರ್ಯಾಕೆಟ್ ಮಾಡಿಸಿ ಕೂಡಿಸಿದಾಗ ಅದು ಮೂಲ ಕಾರಿನಲ್ಲಿದ್ದ ಕೋನದಲ್ಲಿ ಇರುವುದಿಲ್ಲ. ನಿಪ್ಪಲ್ ಮೇಲೇ ಇದೆ ಎನ್ನಿಸಿದರೂ ಒಳಗಿನ ಕುಳಿ ಅದಕ್ಕಿಂತ ಎತ್ತರದಲ್ಲಿರಬಹುದು. ಇಂಥಲ್ಲಿ ಕ್ಯಾಲಿಪರನ್ನು ಬಿಚ್ಚಿ, ಪ್ಯಾಡ್‌ಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಮರದ ತುಂಡು ಇಟ್ಟು, ನಿಪ್ಪಲ್ ನೇರ ಮೇಲಕ್ಕೆ ಬರುವಂತೆ ಹಿಡಿದು ಏರ್ ತೆಗೆಯಬೇಕಾಗುತ್ತದೆ.

ಏರ್ ತೆಗೆಯುವ ಕ್ರಮದಲ್ಲೂ ಎಡವುವ ಜಾಗಗಳಿವೆ. ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು ಎಂಬುದು ವಾಡಿಕೆ. ಆದರೆ ಇಂದಿನ ಸಣ್ಣ ಕಾರುಗಳಲ್ಲಿ ಒಂದು ಮುಂಚಕ್ರ ಮತ್ತು ಅದರ ಎದುರು ಮೂಲೆಯ ಹಿಂಚಕ್ರ ಒಂದು ಸರ್ಕ್ಯೂಟ್ ಆಗಿರುವುದು ಸಾಮಾನ್ಯವಾದ್ದರಿಂದ ಆಯಾ ಕಾರಿನ ಸರ್ವಿಸ್ ಪುಸ್ತಕ ಹೇಳುವ ಅನುಕ್ರಮವೇ ಸರಿ. ಇಬ್ಬರು ಸೇರಿ ಮಾಡುವ ಹಳೆಯ ಪದ್ಧತಿಯಲ್ಲಿ ನಿಪ್ಪಲ್ ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಹೊರಗಿನ ಗಾಳಿ ಒಳಕ್ಕೆ ಸೇರಿಕೊಳ್ಳುತ್ತದೆ. ಪೆಡಲನ್ನು ರಭಸದಿಂದ ಪಂಪ್ ಮಾಡಿದರೆ ದೊಡ್ಡ ಗುಳ್ಳೆ ಒಡೆದು ನೂರಾರು ಸಣ್ಣ ಗುಳ್ಳೆಗಳಾಗಿ ಆಯಿಲಿನಲ್ಲಿ ಬೆರೆಯುತ್ತದೆ. ಅವು ಮೇಲೇರಲು ಹೊತ್ತು ಬೇಕು. ನಿಪ್ಪಲಿನಿಂದ ಎಳೆಯುವ ನಿರ್ವಾತ ಪಂಪಿನಲ್ಲಿ ನಿಪ್ಪಲಿನ ತಿರುಪಿನ ಸಂದಿಯಿಂದ ಗಾಳಿ ನುಸುಳಿ, ಎಂದೂ ಮುಗಿಯದ ಗುಳ್ಳೆಗಳು ಕಾಣಿಸುತ್ತವೆ. ಅವು ಕ್ಯಾಲಿಪರಿನಿಂದ ಬಂದವಲ್ಲ. ಬ್ರೇಕ್ ಆಯಿಲ್ ತುಂಬಿರುವ ಜಲಾಶಯದ ಮುಚ್ಚಳದ ಜಾಗದಿಂದ 1–2 ಬಾರ್ ಒತ್ತಡದಲ್ಲಿ ಆಯಿಲನ್ನು ತಳ್ಳುವ ಸಾಧನಕ್ಕೆ ಈ ತೊಡಕುಗಳಿಲ್ಲ.

ಇನ್ನೊಂದು ತೊಡಕು ಅನೇಕ ಹ್ಯಾಚ್‌ಬ್ಯಾಕ್‌ಗಳ ಹಿಂಭಾಗದಲ್ಲಿದೆ. ಕಾರಿನ ಮೇಲಿರುವ ಹೊರೆಗೆ ತಕ್ಕಂತೆ ಹಿಂಬ್ರೇಕಿಗೆ ಹೋಗುವ ಒತ್ತಡವನ್ನು ಹತೋಟಿಯಲ್ಲಿಡುವ ವಾಲ್ವ್ ಅದು. ಕಾರನ್ನು ಜಾಕಿನ ಮೇಲೆತ್ತಿ ಹಿಂಚಕ್ರಗಳು ಜೋತಾಡುತ್ತಿದ್ದರೆ, ಕಾರು ಖಾಲಿಯಿದೆ ಎಂದುಕೊಂಡು ಅದು ದಾರಿಯನ್ನು ಕಿರಿದಾಗಿಸುತ್ತದೆ. ಅಂಥ ಕಾರುಗಳಲ್ಲಿ ಹಿಂಭಾಗದ ಏರ್ ತೆಗೆಯುವಾಗ ಚಕ್ರಗಳ ಮೇಲೆ ಭಾರ ಬಿದ್ದಿರಬೇಕು.

ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದ್ದರಿಂದ ಗಾಳಿ ಅಡಗುವ ಮತ್ತೊಂದು ಗೂಡು ಎಲ್ಲ ಕಡೆ ಬಂದಿದೆ. ಎಬಿಎಸ್ ಘಟಕದೊಳಗೆ ಮಾಮೂಲಿ ಹೊತ್ತಿನಲ್ಲಿ ಮುಚ್ಚಿಯೇ ಇರುವ ವಾಲ್ವ್‌ಗಳೂ ಸಣ್ಣ ಪಂಪೂ ಇವೆ. ಕ್ಯಾಲಿಪರ್ ಬದಲಿಸುವಾಗ ಪೈಪನ್ನು ತೆರೆದಿಟ್ಟು ಜಲಾಶಯ ಪೂರ್ತಿ ಖಾಲಿಯಾಗಲು ಬಿಟ್ಟರೆ ಗಾಳಿ ಅಲ್ಲಿಯವರೆಗೂ ಹೋಗುತ್ತದೆ. ನಿಪ್ಪಲ್ ಬಿಚ್ಚಿ ಎಷ್ಟು ಹರಿಸಿದರೂ ಮುಚ್ಚಿದ ಕೋಣೆಯ ಗಾಳಿ ಕದಲುವುದಿಲ್ಲ. ಸ್ಕ್ಯಾನರ್ ಜೋಡಿಸಿ ಆ ವಾಲ್ವ್‌ಗಳನ್ನೂ ಪಂಪನ್ನೂ ಚಾಲೂ ಮಾಡಿಸಿ, ಆಮೇಲೆ ಮತ್ತೆ ಏರ್ ತೆಗೆಯಬೇಕು. ಕೆಲಸ ನಡೆಯುವಷ್ಟು ಹೊತ್ತೂ ಬಿಚ್ಚಿದ ಹೋಸಿನ ಬಾಯಿಗೆ ಬಿರಡೆ ಹಾಕಿ, ಜಲಾಶಯದ ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿಳಿಯದಂತೆ ನೋಡಿಕೊಂಡರೆ ಈ ತಾಪತ್ರಯವೇ ಬರುವುದಿಲ್ಲ. ಮಾಸ್ಟರ್ ಸಿಲಿಂಡರನ್ನೇ ಬದಲಿಸಿದ್ದರೆ ಅದನ್ನು ಕಾರಿಗೆ ಕೂಡಿಸುವ ಮೊದಲೇ ವೈಸಿಗೆ ಕಚ್ಚಿಸಿ, ಆಯಿಲ್ ತುಂಬಿ, ಗುಳ್ಳೆ ನಿಲ್ಲುವವರೆಗೆ ಪಿಸ್ಟನ್ನನ್ನು ಆಡಿಸಬೇಕು.

ಆಯಿಲಿನ ಆಯ್ಕೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಡಾಟ್ 3, ಡಾಟ್ 4, ಡಾಟ್ 5.1 ಇವೆಲ್ಲ ಗ್ಲೈಕಾಲ್ ವರ್ಗದವು. ಡಾಟ್ 5 ಮಾತ್ರ ಸಿಲಿಕೋನ್. ಹೆಸರಿನಲ್ಲಿ 5.1ಕ್ಕೂ 5ಕ್ಕೂ ನಂಟಿರುವಂತೆ ಕಂಡರೂ ಅವನ್ನು ಬೆರೆಸುವಂತಿಲ್ಲ. ಸಿಲಿಕೋನ್ ಆಯಿಲ್ ಹೆಚ್ಚು ಕುಗ್ಗುತ್ತದೆ, ಸಣ್ಣ ಗುಳ್ಳೆಗಳನ್ನು ಬಿಟ್ಟುಕೊಡುವುದಿಲ್ಲ. ‘ಒಳ್ಳೆಯದು’ ಎಂದು ಅದನ್ನು ಸುರಿದ ಕಾರಿನ ಪೆಡಲ್ ಮೆತ್ತಗಾಗುವುದು ಸಹಜ. ಗ್ಲೈಕಾಲ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕುದಿಯಬೇಕಾದ ಕನಿಷ್ಠ ಉಷ್ಣತೆ 230 ಡಿಗ್ರಿ ಸೆಲ್ಸಿಯಸ್, ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕರಾವಳಿಯ ತೇವದಲ್ಲಿ ಕೆಲವು ಮಳೆಗಾಲ ಕಂಡ ಆಯಿಲ್ ಹೊತ್ತ ಕಾರು ಆಗುಂಬೆ ಅಥವಾ ಚಾರ್ಮಾಡಿ ಘಾಟಿಯನ್ನು ಬ್ರೇಕ್ ಮೇಲೆಯೇ ಇಳಿದರೆ ಕ್ಯಾಲಿಪರಿನೊಳಗಿನ ಆಯಿಲ್ ಕುದಿದು ಆವಿಯಾಗಬಹುದು. ಆವಿ ಗಾಳಿಯಂತೆಯೇ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ತಣ್ಣಗಾದ ಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಸರಿಹೋಗುತ್ತದೆ. ಹೀಗೆ ಬಿಸಿಯಲ್ಲಿ ಮಾತ್ರ ಕಾಣಿಸಿಕೊಳ್ಳುವ ಮೆತ್ತಗಿನ ಪೆಡಲಿಗೆ ಮದ್ದು ಹೊಸ ಆಯಿಲ್ ಮತ್ತು ಕೆಳ ಗೇರ್. ಗ್ಯಾರೇಜಿನ ತಣ್ಣನೆಯ ಪರೀಕ್ಷೆಗೆ ಅದು ಸಿಕ್ಕಿಬೀಳುವುದಿಲ್ಲ.

ಗಾಳಿ ಇಲ್ಲವೆಂದು ಖಚಿತವಾದ ಮೇಲೂ ಸ್ಪಂಜಿನ ಗುಣ ಉಳಿದರೆ ಬಾಗುವ ಭಾಗಗಳತ್ತ ನೋಡಬೇಕು. ಹಳೆಯ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತದೆ. ಪೆಡಲ್ ಒತ್ತಿದಾಗ ಹೋಸನ್ನು ಬೆರಳುಗಳ ನಡುವೆ ಹಿಡಿದರೆ ಆ ಉಬ್ಬು ಗೊತ್ತಾಗುತ್ತದೆ. ಉಕ್ಕಿನ ಹೆಣಿಗೆಯ ಹೋಸ್ ಇದನ್ನು ತಗ್ಗಿಸುತ್ತದೆ. ಆದರೆ ಚೆನ್ನಾಗಿರುವ ರಬ್ಬರ್ ಹೋಸ್ ತೆಗೆದು ಅದನ್ನು ಹಾಕಿದರೆ ಸಿಗುವ ಲಾಭ ಅಲ್ಪ, ಮತ್ತು ಬೇರೆ ದೋಷವಿದ್ದರೆ ಅದೂ ಮುಚ್ಚಿಹೋಗುವುದಿಲ್ಲ. ಹೊಸ ಡಿಸ್ಕಿಗೆ ಹಳೆಯ ಪ್ಯಾಡ್ ಹಾಕಿದರೆ, ಹಳೆಯ ಡಿಸ್ಕಿನ ಸವೆತದ ಆಕಾರ ಹೊತ್ತ ಪ್ಯಾಡ್ ಅಂಚಿನಲ್ಲಿ ಮಾತ್ರ ತಾಗಿ ಬಾಗುತ್ತದೆ. ಹೊಸ ಪ್ಯಾಡಿನ ಮೈಯೂ ಮೊದಲ ದಿನವೇ ಡಿಸ್ಕಿಗೆ ಪೂರ್ತಿ ಕೂರುವುದಿಲ್ಲ. ಪ್ಯಾಡ್ ತಯಾರಕರು ಹೇಳಿದಂತೆ, ಸಾಧಾರಣ ವೇಗದಿಂದ ಹದವಾಗಿ ಹಲವು ಸಲ ಬ್ರೇಕ್ ಹಿಡಿದು, ನಡುವೆ ತಣಿಯಲು ಬಿಟ್ಟು ಪಳಗಿಸಿದ ಮೇಲೆ ಪೆಡಲ್ ತಾನಾಗಿಯೇ ಗಟ್ಟಿಯಾಗುವುದು ಸಾಮಾನ್ಯ. ಪ್ಯಾಡಿನ ಬೆನ್ನಿಗೆ ಸದ್ದು ತಡೆಯುವ ತಗಡುಗಳನ್ನು ಒಂದರ ಮೇಲೊಂದು ಸೇರಿಸಿದ್ದರೆ ಅವೂ ಸ್ಪ್ರಿಂಗಿನಂತೆ ವರ್ತಿಸುತ್ತವೆ.

ಕ್ಯಾಲಿಪರ್ ಕೂತ ರೀತಿಯೂ ಮುಖ್ಯ. ಸ್ಥಿರ ಕ್ಯಾಲಿಪರ್ ಡಿಸ್ಕಿನ ನಟ್ಟನಡುವೆ, ಅದಕ್ಕೆ ಸಮಾನಾಂತರವಾಗಿ ಇರಬೇಕು. ಬ್ರ್ಯಾಕೆಟ್ ಒಂದಿಷ್ಟು ಸೊಟ್ಟಗಾದರೂ ಪಿಸ್ಟನ್ ಮೊದಲು ಪ್ಯಾಡಿನ ಒಂದಂಚನ್ನು ಒತ್ತಿ, ಆಮೇಲೆ ಕ್ಯಾಲಿಪರನ್ನೇ ಬಾಗಿಸಲು ಹೊರಡುತ್ತದೆ. ಜಾರುವ ಕ್ಯಾಲಿಪರಿನಲ್ಲಿ ಪಿನ್ನುಗಳು ಒಣಗಿದ್ದರೆ ಅಥವಾ ತುಕ್ಕು ಹಿಡಿದಿದ್ದರೆ ಇದೇ ಪರಿಣಾಮ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಪ್ಯಾಡ್ ಬಿಚ್ಚಿ ನೋಡಿ, ಅದು ಓರೆಯಾಗಿ ಸವೆದಿದ್ದರೆ ಕಾರಣ ಇಲ್ಲಿದೆ ಎಂದು ತಿಳಿಯಬಹುದು.

ಎರಡನೆಯ ಬಗೆಯಾದ ಉದ್ದ ಪೆಡಲಿಗೆ ಮೊದಲ ಕಾರಣ ಭಾಗಗಳ ಅಳತೆಯಲ್ಲೇ ಇರಬಹುದು. ಮೂಲ ಕ್ಯಾಲಿಪರಿನಲ್ಲಿ 48 ಮಿ.ಮೀ. ಪಿಸ್ಟನ್ ಇತ್ತು, ಹೊಸದರಲ್ಲಿ 54 ಮಿ.ಮೀ. ಎನ್ನೋಣ. ವಿಸ್ತೀರ್ಣ 1,810ರಿಂದ 2,290 ಚದರ ಮಿ.ಮೀ.ಗೆ ಏರುತ್ತದೆ, ಅಂದರೆ ಕಾಲು ಪಾಲಿಗೂ ತುಸು ಹೆಚ್ಚು. ಪಿಸ್ಟನ್ ಅರ್ಧ ಮಿ.ಮೀ. ಸರಿದರೆ ಎರಡು ಮುಂಚಕ್ರಗಳಿಗೆ ಬೇಕಾದ ಆಯಿಲ್ 1.81 ಮಿಲಿ ಲೀಟರಿನಿಂದ 2.29ಕ್ಕೆ ಹೋಗುತ್ತದೆ. ಹಿಂದಿನ ಲೆಕ್ಕದ ಮಾಸ್ಟರ್ ಸಿಲಿಂಡರಿನಲ್ಲಿ ಇದಕ್ಕೆ ಸುಮಾರು 1.4 ಮಿ.ಮೀ. ಹೆಚ್ಚಿನ ಓಟ, ಪೆಡಲಿನಲ್ಲಿ ಸುಮಾರು 6 ಮಿ.ಮೀ. ಇಷ್ಟು ವ್ಯತ್ಯಾಸ ಸಹಜವಾದದ್ದು. ಯಾವ ಏರ್ ತೆಗೆಯುವಿಕೆಯೂ ಅದನ್ನು ಅಳಿಸಲಾರದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಎಂದರೆ ನಾಲ್ಕು ಪಟ್ಟು ಆಯಿಲ್ ಬೇಕು, ಪೆಡಲ್ ಉದ್ದವಾಗಲೇಬೇಕು ಎನ್ನುವವರಿದ್ದಾರೆ. 38 ಮಿ.ಮೀ.ನ ನಾಲ್ಕು ಪಿಸ್ಟನ್‌ಗಳಲ್ಲಿ ಒಂದು ಪಕ್ಕದ ಎರಡರ ವಿಸ್ತೀರ್ಣ ಸುಮಾರು 2,268 ಚದರ ಮಿ.ಮೀ.; 54 ಮಿ.ಮೀ.ನ ಒಂಟಿ ಪಿಸ್ಟನ್ನಿಗೆ ಹೆಚ್ಚುಕಡಿಮೆ ಸಮ. ಜಾರುವ ಕ್ಯಾಲಿಪರಿನ ಒಂಟಿ ಪಿಸ್ಟನ್ ಎರಡೂ ಪಕ್ಕದ ಸಂದಿಯನ್ನು ತಾನೊಂದೇ ತುಂಬಬೇಕು. ಸ್ಥಿರ ಕ್ಯಾಲಿಪರಿನಲ್ಲಿ ಎರಡು ಪಕ್ಕದ ಪಿಸ್ಟನ್‌ಗಳು ತಂತಮ್ಮ ಪಕ್ಕದ ಸಂದಿಯನ್ನಷ್ಟೇ ತುಂಬುತ್ತವೆ. ಹೀಗಾಗಿ ಎರಡಕ್ಕೂ ಬೇಕಾಗುವ ಆಯಿಲ್ ಒಂದೇ. ಹೋಲಿಸಬೇಕಾದದ್ದು ಪಿಸ್ಟನ್‌ಗಳ ಎಣಿಕೆಯನ್ನಲ್ಲ, ಒಂದು ಪಕ್ಕದ ಒಟ್ಟು ವಿಸ್ತೀರ್ಣವನ್ನು.

ಅಳತೆಯಲ್ಲೇ ಅಂತರ ದೊಡ್ಡದಿದ್ದರೆ ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕುವುದು ಒಂದು ದಾರಿ. 20.64ರ ಬದಲು 22.22 ಮಿ.ಮೀ. ಹಾಕಿದರೆ ಪೆಡಲಿನ ಓಟ ಸುಮಾರು ಶೇ 14ರಷ್ಟು ಕಡಿಮೆಯಾಗುತ್ತದೆ, ಅದೇ ಒತ್ತಡಕ್ಕೆ ಕಾಲಿನ ಬಲ ಸುಮಾರು ಶೇ 16ರಷ್ಟು ಹೆಚ್ಚು ಬೇಕಾಗುತ್ತದೆ. ಪೆಡಲ್ ಗಟ್ಟಿಯೆನಿಸುತ್ತದೆ, ಆದರೆ ಗಟ್ಟಿ ಪೆಡಲ್ ಎಂದರೆ ಬಲವಾದ ಬ್ರೇಕ್ ಎಂದಲ್ಲ. ಬೇರೆ ದೋಷವೊಂದು ಉಳಿದಿರುವಾಗ ಮಾಸ್ಟರ್ ಸಿಲಿಂಡರ್ ಬದಲಿಸಿದರೆ ಆ ದೋಷ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಆದ್ದರಿಂದ ಇದು ಪಟ್ಟಿಯ ಕೊನೆಯಲ್ಲಿರಬೇಕಾದ ಉಪಾಯ.

ಅದಕ್ಕೂ ಮೊದಲು ಡಿಸ್ಕ್ ನೇರವಾಗಿ ತಿರುಗುತ್ತಿದೆಯೇ ಎಂದು ನೋಡಬೇಕು. ಪೆಡಲ್ ಬಿಟ್ಟಾಗ ಕ್ಯಾಲಿಪರ್ ಪಿಸ್ಟನ್ನಿನ ಚೌಕ ಸೀಲ್ ತನ್ನ ಮೂಲ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುತ್ತದೆ. ಸಂದಿ ಇರಬೇಕಾದದ್ದು ಅಷ್ಟೇ. ಹಬ್ಬಿನ ಮೈಯಲ್ಲಿ ತುಕ್ಕಿನ ಹೊಪ್ಪಳೆ ಉಳಿದಿದ್ದರೆ ಅದರ ಮೇಲೆ ಕೂತ ಹೊಸ ಡಿಸ್ಕ್ ಓಲಾಡುತ್ತದೆ, ಪ್ರತಿ ಸುತ್ತಿಗೂ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳುತ್ತದೆ. ಬಹಳಷ್ಟು ತಯಾರಕರು ಒಪ್ಪುವ ಓಲಾಟ 0.05ರಿಂದ 0.1 ಮಿ.ಮೀ. ಆಸುಪಾಸಿನದು. ಎರಡೂ ಪಕ್ಕದಲ್ಲಿ 0.1 ಮಿ.ಮೀ. ಸಂದಿ ಹೆಚ್ಚಾದರೂ 54 ಮಿ.ಮೀ. ಪಿಸ್ಟನ್ನಿನ ಎರಡು ಕ್ಯಾಲಿಪರುಗಳಿಗೆ 0.9 ಮಿಲಿ ಲೀಟರಿನಷ್ಟು ಹೆಚ್ಚು ಆಯಿಲ್ ಬೇಕು, ಪೆಡಲಿನಲ್ಲಿ ಅದು 11 ಮಿ.ಮೀ. ಸಡಿಲ ವ್ಹೀಲ್ ಬೇರಿಂಗ್ ಇದೇ ಕೆಲಸವನ್ನು ತಿರುವುಗಳಲ್ಲಿ ಮಾಡುತ್ತದೆ. ಲಕ್ಷಣ ಸ್ಪಷ್ಟ: ನಿಂತಲ್ಲಿ ಪೆಡಲ್ ಚೆನ್ನಾಗಿರುತ್ತದೆ, ಹೊಂಡದ ರಸ್ತೆ ಅಥವಾ ತಿರುವು ದಾಟಿದ ನಂತರದ ಮೊದಲ ಒತ್ತು ಮಾತ್ರ ಆಳಕ್ಕೆ ಹೋಗುತ್ತದೆ, ಎರಡನೆಯದು ಸರಿಯಾಗುತ್ತದೆ. ಹಬ್ಬನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಡಿಸ್ಕಿಗೆ ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿದರೆ ಅನುಮಾನ ಬಗೆಹರಿಯುತ್ತದೆ.

ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಕಾರುಗಳೇ ನಮ್ಮಲ್ಲಿ ಹೆಚ್ಚು. ಮುಂದಿನದನ್ನು ಮಾತ್ರ ಬದಲಿಸಿದಾಗ ಹಿಂದಿನ ಶೂಗಳ ಹೊಂದಾಣಿಕೆ ಯಾರ ಗಮನಕ್ಕೂ ಬರುವುದಿಲ್ಲ. ಡ್ರಮ್ಮಿಗೂ ಶೂವಿಗೂ ನಡುವೆ ಸಂದಿ ಹೆಚ್ಚಿದ್ದರೆ ಪೆಡಲಿನ ಮೊದಲರ್ಧ ಅಲ್ಲೇ ಖರ್ಚಾಗುತ್ತದೆ. ಪರೀಕ್ಷೆ ಸುಲಭ: ಹ್ಯಾಂಡ್‌ಬ್ರೇಕನ್ನು ಕೆಲವು ಹಲ್ಲು ಮೇಲೆಳೆದು ಪೆಡಲ್ ಒತ್ತಬೇಕು. ಪೆಡಲ್ ಮೇಲೆ ಬಂದರೆ ಮುಂದಿನ ಹೊಸ ಕ್ಯಾಲಿಪರುಗಳ ತಪ್ಪಿಲ್ಲ. ಹಿಂದಿನ ಶೂ ಬಿಗಿ ಮಾಡಬೇಕು. ಡ್ರಮ್ ತೆಗೆದು ಹಿಂದೆಯೂ ಡಿಸ್ಕ್ ಹಾಕಿದ್ದರೆ ಹ್ಯಾಂಡ್‌ಬ್ರೇಕ್ ಅಳವಡಿಸಿದ ಕ್ಯಾಲಿಪರಿನ ಪಿಸ್ಟನ್ ತಿರುಪಿನ ಮೇಲೆ ತಾನಾಗಿ ಹೊಂದಿಕೊಳ್ಳುವಂಥದು. ಅದು ಹೊಂದಿಕೊಳ್ಳುವ ಮೊದಲೇ ಕೇಬಲ್ ಬಿಗಿ ಮಾಡಿದರೆ ಆ ತಿರುಪು ಕೆಲಸ ಮಾಡುವುದಿಲ್ಲ, ಪೆಡಲ್ ಉದ್ದವಾಗಿಯೇ ಉಳಿಯುತ್ತದೆ. ಮೊದಲು ಪೆಡಲಿನಿಂದ ಪ್ಯಾಡ್ ಕೂರಿಸಿ, ಆಮೇಲೆ ಕೇಬಲ್ ಎಳೆಯುವುದು ಸರಿಯಾದ ಕ್ರಮ. ಪೆಡಲಿನಿಂದ ಮಾಸ್ಟರ್ ಸಿಲಿಂಡರಿನವರೆಗಿನ ದಂಡಗಳಲ್ಲಿ ಸಡಿಲ ಹೆಚ್ಚಿದ್ದರೂ ಪೆಡಲ್ ಉದ್ದವಾಗುತ್ತದೆ. ಆದರೆ ಆ ಸಡಿಲವನ್ನು ಪೂರ್ತಿ ತೆಗೆದುಬಿಟ್ಟರೆ ಆಯಿಲ್ ಜಲಾಶಯಕ್ಕೆ ಮರಳುವ ತೂತು ಮುಚ್ಚಿಹೋಗಿ ಬ್ರೇಕ್ ಬಿಡದೆ ಹಿಡಿದುಕೊಳ್ಳುತ್ತದೆ.

ಮೂರನೆಯ ಬಗೆಯಾದ ಇಳಿಯುವ ಪೆಡಲ್ ಎಲ್ಲಕ್ಕಿಂತ ಅಪಾಯದ್ದು. ಅಂಥ ಕಾರನ್ನು ರಸ್ತೆಗೆ ತರಬಾರದು. ಹೊಸದಾಗಿ ಬಿಗಿದ ಜೋಡಣೆಗಳನ್ನೆಲ್ಲ ಮೊದಲು ನೋಡಬೇಕು. ಹೋಸನ್ನು ಕ್ಯಾಲಿಪರಿಗೆ ಸೇರಿಸುವ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರ್ ಒಮ್ಮೆ ಒತ್ತಿಹೋದ ಮೇಲೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಹಳೆಯದನ್ನೇ ಹಾಕಿದ್ದರೆ ಅಲ್ಲಿ ಒದ್ದೆ ಕಾಣಿಸುತ್ತದೆ. ಹೊರಗೆಲ್ಲೂ ಸೋರಿಕೆ ಕಾಣದೆ ಜಲಾಶಯ ಮಾತ್ರ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲಿನಿಂದ ಆಯಿಲ್ ಬೂಸ್ಟರಿನೊಳಗೆ ಹೋಗುತ್ತಿರಬಹುದು. ಜಲಾಶಯವೂ ಇಳಿಯದೆ ಪೆಡಲ್ ಜಾರುತ್ತಿದ್ದರೆ ಒಳಗಿನ ಸೀಲ್ ಕೆಟ್ಟಿದೆ. ಇದಕ್ಕೆ ಏರ್ ತೆಗೆಯುವ ಕೆಲಸವೇ ಕಾರಣವಾಗುವುದುಂಟು. ಹಲವು ವರ್ಷ ಓಡಿದ ಕಾರಿನ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ಎಂದೂ ತಲುಪದ ತುದಿಯಲ್ಲಿ ತುಕ್ಕು, ಗಸಿ ಕೂತಿರುತ್ತದೆ. ಏರ್ ತೆಗೆಯುವಾಗ ಪೆಡಲನ್ನು ನೆಲಕ್ಕೆ ಮುಟ್ಟುವಂತೆ ತುಳಿದರೆ ಸೀಲ್ ಆ ಒರಟು ಜಾಗದ ಮೇಲೆ ಉಜ್ಜಿ ಹರಿಯುತ್ತದೆ. ಪೆಡಲಿನ ಕೆಳಗೊಂದು ಮರದ ತುಂಡು ಇಟ್ಟುಕೊಂಡರೆ ಈ ನಷ್ಟ ತಪ್ಪುತ್ತದೆ.

ದೋಷ ಯಾವ ಮೂಲೆಯಲ್ಲಿದೆ ಎಂದು ಇಷ್ಟರಲ್ಲೂ ತಿಳಿಯದಿದ್ದರೆ ಒಂದೊಂದೇ ಭಾಗವನ್ನು ಬೇರ್ಪಡಿಸುತ್ತ ಹೋಗಬೇಕು. ರಬ್ಬರ್ ಹೋಸುಗಳಿಗೆಂದೇ ಮಾಡಿದ, ಅಂಚು ದುಂಡಗಿರುವ ಕ್ಲ್ಯಾಂಪಿನಿಂದ ಎಲ್ಲ ಹೋಸುಗಳನ್ನೂ ಹಿಡಿದು ಪೆಡಲ್ ಒತ್ತಿದಾಗ ಅದು ಕಲ್ಲಿನಂತಾದರೆ ಮಾಸ್ಟರ್ ಸಿಲಿಂಡರ್, ಎಬಿಎಸ್, ಉದ್ದದ ಪೈಪುಗಳು ನಿರ್ದೋಷಿಗಳು. ಆಮೇಲೆ ಒಂದೊಂದೇ ಕ್ಲ್ಯಾಂಪ್ ತೆಗೆಯುತ್ತ ಹೋದರೆ ಪೆಡಲ್ ಯಾವ ಚಕ್ರದ ಸರದಿಯಲ್ಲಿ ಕುಸಿಯುತ್ತದೋ ಅಲ್ಲಿ ಹುಡುಕಬೇಕು. ಉಕ್ಕಿನ ಹೆಣಿಗೆಯ ಹೋಸಿಗೆ ಕ್ಲ್ಯಾಂಪ್ ಹಾಕಿದರೆ ಅದರ ಒಳಪದರ ಸೀಳುತ್ತದೆ. ಅಂಥ ಕಾರಿನಲ್ಲಿ ಮಾಸ್ಟರ್ ಸಿಲಿಂಡರಿನ ಹೊರದಾರಿಗಳಿಗೆ ಸರಿಯಾದ ತಿರುಪಿನ ಬಿರಡೆ ಬಿಗಿದು ಪರೀಕ್ಷಿಸಬೇಕು. ಬಿರಡೆ ಹಾಕಿದ ಮೇಲೂ ಮೆತ್ತಗಿದ್ದರೆ ಮಾಸ್ಟರ್ ಸಿಲಿಂಡರಿನಲ್ಲೇ ಗಾಳಿ ಅಥವಾ ದೋಷ. ಅಲ್ಲಿ ಬಿರಡೆ ಹಾಕಿದಾಗ ಗಟ್ಟಿ, ಎಬಿಎಸ್ ಘಟಕದ ಹೊರದಾರಿಗಳಿಗೆ ಹಾಕಿದಾಗ ಮೆತ್ತಗೆ ಎಂದಾದರೆ ಗಾಳಿ ಆ ಘಟಕದಲ್ಲಿದೆ.

ಪೆಡಲ್ ಗಟ್ಟಿಯಾದ ಮೇಲೂ ಎರಡು ವಿಷಯ ಉಳಿಯುತ್ತವೆ. ಮುಂದಿನ ಬ್ರೇಕಿನ ಬಲ ಹೆಚ್ಚಿದಾಗ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಹಂಚಿಕೆ ಬದಲಾಗುತ್ತದೆ. ಹಿಂದಿನದನ್ನು ಮಾತ್ರ ಹೆಚ್ಚಿಸಿದರೆ ಹಿಂಚಕ್ರಗಳು ಮೊದಲು ಲಾಕ್ ಆಗಿ ಕಾರು ಬಾಲ ತಿರುಗಿಸುವ ಅಪಾಯವಿದೆ. ಕಾರನ್ನು ಕೊನೆಗೆ ನಿಲ್ಲಿಸುವುದು ಟಯರಿನ ಹಿಡಿತವಾದ್ದರಿಂದ, ಚಕ್ರವನ್ನು ಲಾಕ್ ಮಾಡುವ ಶಕ್ತಿ ಮೊದಲೇ ಇದ್ದ ಕಾರಿನಲ್ಲಿ ದೊಡ್ಡ ಬ್ರೇಕ್ ಒಂದು ಸಲದ ನಿಲುಗಡೆಯ ದೂರವನ್ನು ಕಡಿಮೆ ಮಾಡುವುದಿಲ್ಲ. ಮತ್ತೆ ಮತ್ತೆ ಹಿಡಿದಾಗ ಬಿಸಿ ತಾಳುವ ಗುಣ ಹೆಚ್ಚುತ್ತದೆ, ಅಷ್ಟೇ. ಇನ್ನೊಂದು ಕಾನೂನಿನದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಬ್ರೇಕ್ ಬದಲಿಸುವುದೇ ಆದರೆ, ಅದೇ ಮಾದರಿಯ ಮೇಲಿನ ಆವೃತ್ತಿಗೆ ತಯಾರಕರೇ ಕೊಟ್ಟ ಡಿಸ್ಕ್, ಕ್ಯಾಲಿಪರ್ ಮತ್ತು ಮಾಸ್ಟರ್ ಸಿಲಿಂಡರನ್ನು ಒಟ್ಟಿಗೇ ತಂದು ಹಾಕುವುದು, ಬಿಡಿ ಬಿಡಿಯಾಗಿ ಆಯ್ದು ಜೋಡಿಸುವುದಕ್ಕಿಂತ ವಾಸಿ. ಪಿಸ್ಟನ್ನಿಗೆ ತಕ್ಕ ಸಿಲಿಂಡರ್ ಯಾವುದೆಂಬ ಲೆಕ್ಕವನ್ನು ಅಲ್ಲಿ ಕಾರಿನ ಎಂಜಿನಿಯರುಗಳು ಆಗಲೇ ಹಾಕಿರುತ್ತಾರೆ.

ಕೆಲಸ ಮುಗಿಯಿತೆನ್ನಲು ನಾಲ್ಕು ಗುರುತುಗಳು ಸಾಕು. ಎಂಜಿನ್ ಆಫ್ ಆಗಿ ನಿರ್ವಾತ ಖಾಲಿಯಾದಾಗ ಪೆಡಲ್ ಮೊದಲ ಒತ್ತಿಗೂ ಮೂರನೆಯ ಒತ್ತಿಗೂ ಬಹುತೇಕ ಒಂದೇ ಎತ್ತರದಲ್ಲಿ ನಿಲ್ಲಬೇಕು. ಒಂದು ನಿಮಿಷ ಒತ್ತಿ ಹಿಡಿದರೂ ಜಾರಬಾರದು. ಜೋಡಣೆಗಳಲ್ಲಿ ಒದ್ದೆ ಇರಬಾರದು. ಜನವಿಲ್ಲದ ಜಾಗದಲ್ಲಿ ನಿಧಾನವಾಗಿ ಓಡಿಸಿ ಹಲವು ಸಲ ನಿಲ್ಲಿಸಿ, ಬ್ರೇಕ್ ಬಿಸಿಯಾದ ಮೇಲೂ ಈ ಮೂರು ಹಾಗೆಯೇ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ, ಯಾವುದು ತಪ್ಪಿತು ಎಂಬುದನ್ನೇ ಮೆಕ್ಯಾನಿಕ್‌ಗೆ ಹೇಳಬೇಕು. ‘ಬ್ರೇಕ್ ಸರಿಯಿಲ್ಲ’ ಎಂದರೆ ಆತ ಮತ್ತೆ ಏರ್ ತೆಗೆಯುತ್ತಾನೆ. ‘ಪಂಪ್ ಮಾಡಿದರೆ ಮೇಲೆ ಬಂದು ಗಟ್ಟಿಯಾಗುತ್ತದೆ, ಹ್ಯಾಂಡ್‌ಬ್ರೇಕ್ ಎಳೆದರೂ ವ್ಯತ್ಯಾಸವಿಲ್ಲ’ ಎಂದರೆ ನೇರವಾಗಿ ಮುಂಚಕ್ರದ ಡಿಸ್ಕಿಗೆ ಡಯಲ್ ಗೇಜ್ ಇಡುತ್ತಾನೆ.